ಮಿಲಾಡಮ್ಮನ ಅಣಬೆ ಬುಟ್ಟಿ

ಶಿಕಾರಿಪುರ

ಝೆಕ್ ದೇಶಕ್ಕೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು, “ಅಲ್ಲಿ ನಿಮ್ಮೋರು ಯಾರದಾರೆ?” ಎಂದು. ಯಾರೂ ಇಲ್ಲ ಎಂದರೆ ನಂಬುವುದಿಲ್ಲ. ನನ್ನ ವಯಸ್ಸಿನ ಹೆಂಗಸರು ಹೊರದೇಶಕ್ಕೆ ಹೋದರೆ ಮಗಳ ಬಾಣಂತನಕ್ಕೋ ಸೊಸೆಯ ಬಾಣಂತನಕ್ಕೋ ಹೋಗುತ್ತಾರೆ. ನಮಗೆ ಮಕ್ಕಳಿಲ್ಲ. ನಾನು ಹೋದದ್ದು ಒಂದು ಸಿನಿಮಾದಲ್ಲಿ ಬರುವ ಮನೆಯನ್ನು ನೋಡಲು. ಹಾಗೆಂದರೆ ಕೇಳಿದವರು ನನ್ನ ಮುಖ ನೋಡಿ ಮಾತು ಬದಲಿಸುತ್ತಾರೆ. ಗಂಡ ತೀರಿಕೊಂಡ ಮೇಲೆ ಇವಳಿಗೆ ಸ್ವಲ್ಪ ಹೀಗಾಗಿದೆ ಎಂದುಕೊಳ್ಳುತ್ತಾರೇನೋ. ಅದಕ್ಕೇ ಸಾವಕಾಶವಾಗಿ ಬರೆದು ಹೇಳುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಅಂಜನಾಪುರದಲ್ಲಿ. ಜಲಾಶಯದ ನೀರು, ಬಯಲು, ಗದ್ದೆ. ರಸ್ತೆಯಲ್ಲಿ ಯಾರು ಬರುತ್ತಿದ್ದಾರೆ ಎಂದು ಕಟ್ಟೆಯ ಮೇಲೆ ಕುಳಿತೇ ಗುರುತು ಹಿಡಿಯಬಹುದಾದ ಊರು. ಮದುವೆಯಾಗಿ ಬೆಂಗಳೂರಿಗೆ ಹೋದೆ. ನಮ್ಮವರು ಲಿಫ್ಟ್ ಮೆಕ್ಯಾನಿಕ್. ಊರಿನ ದೊಡ್ಡ ಮನುಷ್ಯರೆಲ್ಲ ಮೇಲೆ ಹೋಗುವುದೂ ಕೆಳಗೆ ಬರುವುದೂ ತಮ್ಮ ಕೈಯಲ್ಲಿದೆ ಎಂದು ತಮಾಷೆ ಮಾಡುತ್ತಿದ್ದರು. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ಕೆಲಸದಿಂದ ನಿವೃತ್ತರಾದ ಕೂಡಲೇ ಅವರು, “ಇನ್ನು ನೆಲದ ಮೇಲೆ ಇರೋಣ ಕಣೇ” ಎಂದು ಹೇಳಿ, ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಚಿಕ್ಕ ಮನೆ ನೋಡಿಕೊಂಡು ಬಂದರು. ಮನೆಯ ಹಿಂದೆ ಅನಾನಸ್ ಹಾಕಿದ್ದ ತುಂಡು ಜಮೀನು. ಅದರ ಹಿಂದೆ ಕಾಡು. ಪೇಟೆಯಲ್ಲೇ ಹುಟ್ಟಿದ ಅವರಿಗೆ ಕಾಡೆಂದರೆ ನೆರಳು. ಹಳ್ಳಿಯಲ್ಲಿ ಹುಟ್ಟಿದ ನನಗೆ ಹಳ್ಳಿಯೆಂದರೆ ಕೆಲಸ. ಬಹಳ ದಿನ ಒಲ್ಲೆ ಎಂದೆ. ಆಮೇಲೆ ಹೋದೆ.

ಎರಡು ಮಳೆಗಾಲ ಚೆನ್ನಾಗಿದ್ದೆವು. ಮೂರನೆಯ ಬೇಸಿಗೆಯಲ್ಲಿ, ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ ಗುಡಿಸಿ ತರಲು ಕಾಡಿನಂಚಿಗೆ ಹೋಗಿ ಬಂದವರಿಗೆ ಜ್ವರ ಬಂತು. ಮಂಗನ ಕಾಯಿಲೆ. ಸಾಸಿವೆ ಕಾಳಿನಷ್ಟು ಸಣ್ಣ ಉಣುಗು ಕಚ್ಚಿ ಬರುವ ಜ್ವರ ಅದು. ಉಣುಗು ಹತ್ತದಿರಲೆಂದು ಆರೋಗ್ಯ ಕೇಂದ್ರದವರು ಕೊಟ್ಟ ಎಣ್ಣೆ ಹಚ್ಚಿಕೊಂಡೇ ಹೋಗಿದ್ದರು. ಆಸ್ಪತ್ರೆಯಲ್ಲೂ ಚೆನ್ನಾಗಿ ನೋಡಿಕೊಂಡರು. ಯಾರನ್ನೂ ದೂರುವ ಹಾಗಿರಲಿಲ್ಲ. ಹೆಚ್ಚಿನವರು ಬದುಕಿಕೊಳ್ಳುತ್ತಾರೆ. ಇವರು ಬದುಕಲಿಲ್ಲ.

ಮನೆಗೆ ಬೀಗ ಹಾಕಿ, ದನವನ್ನು ಪಕ್ಕದ ಮನೆಯ ಬಂಗಾರಮ್ಮನಿಗೆ ಒಪ್ಪಿಸಿ, ಶಿಕಾರಿಪುರದಲ್ಲಿ ನಮ್ಮ ಗಿರಿಜಕ್ಕನ ಮನೆಗೆ ಬಂದುಬಿಟ್ಟೆ. ಮತ್ತೆ ಆ ಕಡೆ ಹೋಗಲಿಲ್ಲ. ರಸ್ತೆಯ ಪಕ್ಕ ನಾಲ್ಕು ಮರ ಒಟ್ಟಿಗೆ ಕಂಡರೂ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

“ಆ ಕಾಡ್ನಾಗೆ ಒಬ್ಬಾಕೆ ಏನ್ ಮಾಡ್ತೀಯೇ?” ಎಂದಳು ಅಕ್ಕ. “ಮನಿ ಯಾರಿಗಾರ ಕೊಟ್ಬಿಡು. ಇಲ್ಲೇ ನಮ್ ಸಂಗಡ ಇರು.”

ಅಕ್ಕ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಹೂಂ ಎನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಯಾನಾಳಿಂದ ಕರೆ ಬಂತು. ನಾನು ಹೊರಡುತ್ತೇನೆ ಎಂದಾಗ ಅಕ್ಕ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಡುತ್ತಾ, “ಹೋಗಿ ಬಾ. ಬಂದ ಮ್ಯಾಲೆ ಮನಿ ಇಟ್ಕಂತೀಯೋ ಕೊಡ್ತೀಯೋ, ಒಂದ್ ಮಾತು ಹೇಳು. ಬೀಗ ಹಾಕಿದ ಮನಿ ಬಾಳ ದಿನ ತಡಿಯಲ್ಲ” ಎಂದಳು.

ಬೀರು ಸಿಕ್ಕಿಕೊಂಡ ಬಾಗಿಲು

ಯಾನಾ ಯಾರು ಎಂದು ಹೇಳಬೇಕು. ನಾವು ಆ ಹಳ್ಳಿಗೆ ಸಾಮಾನು ಸಾಗಿಸಿದ ದಿನ ನಮ್ಮ ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಳಗೂ ಹೋಗದು, ಹೊರಗೂ ಬಾರದು. ಒಳಗೆ ನಮ್ಮವರು, ಹೊರಗೆ ನಾನು. ಪಕ್ಕದ ಮನೆಯ ಬಂಗಾರಮ್ಮ ಅವತ್ತೇ ಮೊದಲು ನಮ್ಮನ್ನು ನೋಡಿದ್ದು. ಸೊಂಟದ ಮೇಲೆ ಕೈಯಿಟ್ಟುಕೊಂಡು, “ಎಂತ, ಬಾಗಿಲು ಅಳತೆ ಮಾಡದೆ ಬೀರು ತಂದ್ರನಾ? ಬೆಂಗಳೂರಲ್ಲಿ ಬಾಗಿಲು ಇಲ್ಲನಾ?” ಎಂದು ಕೇಳಿದಳು.

ಆಗ ರಸ್ತೆಯಲ್ಲಿ ಯಾರೋ ಜೋರಾಗಿ ನಕ್ಕರು. ನೋಡಿದರೆ ಸೈಕಲ್ ಹಿಡಿದುಕೊಂಡ ಒಬ್ಬ ಬಿಳಿಯ ಹೆಂಗಸು. ಬಳ್ಳಿಗಾವಿಯ ದೇವಸ್ಥಾನ ನೋಡಿಕೊಂಡು ಬನವಾಸಿಗೆ ಹೊರಟವಳು, ನೀರು ಕೇಳಲು ನಿಂತಿದ್ದಳು. ನಗು ತಡೆಯಲಾರದೆ ಸೈಕಲ್ಲನ್ನು ಬೇಲಿಗೆ ಒರಗಿಸಿ ನೆಲದ ಮೇಲೇ ಕುಳಿತುಬಿಟ್ಟಳು.

ಬೀರುವಿನ ಮೇಲಿನ ಸಂದಿಯಿಂದ ನಮ್ಮವರ ದನಿ ಬಂತು: “ಯಾರೇ ಅದು ನಗೋದು? ಒಳಗೆ ಕರಿ, ಕಾಫಿ ಕೊಡು.”

“ಎಲ್ಲಿಂದ ಒಳಗೆ ಕರೀಲಿ ರೀ?”

ಅವಳೇ ಯಾನಾ. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾಗಿ ಸೈಕಲ್ಲಿನಲ್ಲಿ ಊರೂರು ತಿರುಗುತ್ತಿದ್ದಳು. ಸಂಜೆಯ ಹೊತ್ತಿಗೆ ಬೀರು ಒಳಗೆ ಹೋಯಿತು. ಅವಳ ಸೈಕಲ್ಲಿನ ಯಾವುದೋ ಭಾಗ ಸೊರಬದಲ್ಲೂ ಸಿಗದೆ ನಮ್ಮ ಮನೆಯಲ್ಲಿ ನಾಲ್ಕು ದಿನ ಉಳಿದಳು. ನನ್ನ ಇಂಗ್ಲಿಷ್ ಬ್ಲೌಸ್ ಗಿರಾಕಿಗಳಿಂದ ಕಲಿತದ್ದು. ಅವಳದೂ ಅಷ್ಟಕ್ಕಷ್ಟೇ. ಇಬ್ಬರದೂ ಮುರುಕಲಾದ್ದರಿಂದ ಯಾರೂ ನಾಚಬೇಕಾಗಿರಲಿಲ್ಲ.

“ನಿಮ್ಮ ಕಥೆ ನಮ್ಮ ದೇಶದಲ್ಲಿ ಆಗಲೇ ಸಿನಿಮಾ ಆಗಿದೆ” ಎಂದು ಅವಳು ತನ್ನ ಪುಟ್ಟ ಕಂಪ್ಯೂಟರಿನಲ್ಲಿ ಒಂದು ಹಳೆಯ ಚಿತ್ರ ತೋರಿಸಿದಳು. ಪ್ರಾಗ್ ಪಟ್ಟಣದ ಟ್ರಾಮ್ ಚಾಲಕನೊಬ್ಬ ಗದ್ದಲ ಸಾಕೆಂದು ಹೆಂಡತಿಯನ್ನು ಕರೆದುಕೊಂಡು ಹಳ್ಳಿಗೆ ಹೋಗುತ್ತಾನೆ. ಪೇಟೆಯಿಂದ ತಂದ ಸ್ನಾನದ ತೊಟ್ಟಿ ಹಳ್ಳಿಮನೆಯ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿನಿಮಾ ಮುಗಿಯುವವರೆಗೂ ಅಲ್ಲೇ ಇರುತ್ತದೆ. ನೆಂಟರು ಬಂದರೆ ತೊಟ್ಟಿಯೊಳಗೆ ಇಳಿದು ಹತ್ತಿ ಮನೆಯೊಳಗೆ ಬರಬೇಕು. ಹೆಂಡತಿಗೆ ಹಳ್ಳಿ ಬೇಡ. ಪೆಟ್ಟಿಗೆ ಹಿಡಿದುಕೊಂಡು ಮತ್ತೆ ಮತ್ತೆ ಬಸ್ಸಿಗೆ ಕಾಯುತ್ತಾಳೆ. ಬಸ್ಸು ತಡವಾಗುತ್ತದೆ, ಅಷ್ಟರಲ್ಲಿ ಯಾರೋ ಬಂದು ಅವಳಿಗೆ ಏನೋ ಒಂದು ಕೆಲಸ ಹಚ್ಚುತ್ತಾರೆ.

ನಮ್ಮವರು ಕಣ್ಣೊರೆಸಿಕೊಳ್ಳುತ್ತಾ ನಕ್ಕರು. “ನೋಡೇ, ನಮಗಿಂತ ದಡ್ಡರು ಲೋಕದಲ್ಲಿದ್ದಾರೆ!” ಎಂದರು. ಆ ಹೆಂಡತಿ ಬಂದಾಗಲೆಲ್ಲ ನನ್ನ ಮೊಣಕೈ ತಿವಿದು, “ನೀನೇ, ನೀನೇ” ಎನ್ನುತ್ತಿದ್ದರು. ಆ ಮನೆ ಇರುವುದು ತನ್ನ ಊರಿನಲ್ಲೇ ಎಂದು ಯಾನಾ ಹೇಳಿದಾಗ, “ಹಾಗಾದರೆ ನಾವಿಬ್ಬರೂ ಬರ್ತೀವಿ” ಎಂದು ಮಾತು ಕೊಟ್ಟರು.

ಪ್ರಾಗ್

ಪ್ರಾಗ್ ಚಂದದ ಪಟ್ಟಣ. ಅದರ ಚಂದವನ್ನು ಬರೆಯಲು ಬೇರೆ ಜನ ಇದ್ದಾರೆ. ನಾನು ಅಲ್ಲಿ ಕಂಡದ್ದು ಒಂದು ಲಿಫ್ಟ್.

ವಿಮಾನ ನಿಲ್ದಾಣಕ್ಕೆ ನನ್ನನ್ನು ಕರೆದೊಯ್ಯಲು ಬಂದ ಯಾನಾ ನೇರವಾಗಿ ಒಂದು ಹಳೆಯ ಕಚೇರಿಗೆ ಕರೆದುಕೊಂಡು ಹೋದಳು. “ನಿನ್ನ ಗಂಡನಿಗೆ ತೋರಿಸಬೇಕು ಅಂದುಕೊಂಡಿದ್ದೆ. ನೀನು ನೋಡು” ಎಂದಳು. ಬಾಗಿಲಿಲ್ಲದ ಲಿಫ್ಟ್. ಸಣ್ಣ ಸಣ್ಣ ಗೂಡುಗಳು ಒಂದರ ಕೆಳಗೊಂದು ಸರಪಳಿಯಂತೆ ಸುತ್ತುತ್ತಲೇ ಇರುತ್ತವೆ. ಒಂದು ಕಡೆ ಮೇಲಕ್ಕೆ, ಒಂದು ಕಡೆ ಕೆಳಕ್ಕೆ. ಎಲ್ಲಿಯೂ ನಿಲ್ಲುವುದಿಲ್ಲ. ಜನ ಮಾತಾಡುತ್ತಲೇ ಕಾಲಿಟ್ಟು ಹತ್ತುತ್ತಾರೆ, ಮಾತಾಡುತ್ತಲೇ ಇಳಿಯುತ್ತಾರೆ. ನಾನು ಸೀರೆಯ ನೆರಿಗೆ ಹಿಡಿದು ನಿಂತೆ. ಗೂಡುಗಳು ಹೋಗುತ್ತಲೇ ಇದ್ದವು. ಕೊನೆಗೆ ಯಾನಾ ತೋಳು ಹಿಡಿದು ಎಳೆದುಕೊಂಡಳು. ಹತ್ತಿದ್ದೇನೋ ಸರಿ, ಇಳಿಯಬೇಕಾದ ಮಹಡಿಯಲ್ಲಿ ಅವಳು ಇಳಿದಳು, ನಾನು ಇಳಿಯಲಿಲ್ಲ.

ಗೂಡು ಮೇಲೆ ಕತ್ತಲೆಯೊಳಗೆ ಹೋಯಿತು. ಯಂತ್ರದ ಗರಗರ ಸದ್ದು. ತಲೆಕೆಳಗಾಗಿ ಬೀಳುತ್ತೇನೆಂದು ಗೋಡೆ ತಬ್ಬಿಕೊಂಡೆ. ಏನೂ ಆಗಲಿಲ್ಲ. ಗೂಡು ಪಕ್ಕಕ್ಕೆ ಸರಿದು ಮೆಲ್ಲಗೆ ಕೆಳಗಿಳಿಯತೊಡಗಿತು. ಇಳಿಯುವ ದಾರಿಯಲ್ಲಿ ಒಬ್ಬ ಗುಮಾಸ್ತ ಹತ್ತಿಕೊಂಡು ನನಗೆ ನಮಸ್ಕಾರ ಎಂದ. ಅಲ್ಲಿ ಲಿಫ್ಟಿಗೆ, ಅಂಗಡಿಗೆ, ಡಾಕ್ಟರ ಬಳಿ ಕಾಯುವ ಕೋಣೆಗೆ, ಎಲ್ಲಿಗೆ ಹೋದರೂ ಒಳಗಿದ್ದವರಿಗೆ ನಮಸ್ಕಾರ ಹೇಳಬೇಕು, ಹೊರಡುವಾಗ ಬರುತ್ತೇನೆ ಎನ್ನಬೇಕು. ನಮ್ಮ ಊರಿನಲ್ಲಿ ಗುರುತಿದ್ದವರನ್ನು ಎಲ್ಲಿಗೆ ಹೊರಟಿರಿ, ಊಟವಾಯಿತಾ ಎಂದು ಕೇಳದೆ ಬಿಡುವುದಿಲ್ಲ, ಗುರುತಿಲ್ಲದವರನ್ನು ದಿಟ್ಟಿಸಿ ನೋಡುತ್ತೇವೆ. ಅವರು ಗುರುತಿಲ್ಲದವರಿಗೂ ನಮಸ್ಕಾರ ಹೇಳುತ್ತಾರೆ, ಆಮೇಲೆ ಏನೂ ಕೇಳುವುದಿಲ್ಲ. ದುಃಖದಲ್ಲಿರುವವರಿಗೆ ಅದು ಹಿತ. ನಮ್ಮವರು ಇದ್ದಿದ್ದರೆ ಆ ಲಿಫ್ಟಿನ ಮುಂದಿನಿಂದ ಅವರನ್ನು ಎಬ್ಬಿಸಲು ನಾನು ಎಷ್ಟು ಬೈಯಬೇಕಾಗುತ್ತಿತ್ತೋ.

ಬೇಲಿಯ ಹೂವು

ರೈಲಿನಲ್ಲಿ, ಆಮೇಲೆ ಬಸ್ಸಿನಲ್ಲಿ ಯಾನಾಳ ಊರಿಗೆ ಹೋದೆವು. ಆ ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ, ತಪ್ಪು ಬರೆಯುವುದಕ್ಕಿಂತ ಬಿಡುವುದು ವಾಸಿ. ನಡುವೆ ಒಂದು ಕೆರೆ, ಅದರ ಸುತ್ತ ಮನೆಗಳು, ಒಂದು ಪುಟ್ಟ ಗುಡಿ. ಕೆರೆ ಕಂಡ ಕೂಡಲೇ ನನಗೆ ಧೈರ್ಯ ಬಂತು. ಊರಿನ ಹಿಂದೆ ಕಾಡು ಕಂಡ ಕೂಡಲೇ ಹೋಯಿತು.

ಯಾನಾ ಬಾಗಿಲಲ್ಲಿ ನನ್ನ ಚಪ್ಪಲಿ ಬಿಡಿಸಿ, ಉಣ್ಣೆಯ ಬೇರೆ ಚಪ್ಪಲಿ ಮುಂದಿಟ್ಟಳು. ಅಲ್ಲಿ ಪ್ರತಿ ಮನೆಯಲ್ಲೂ ಬಂದವರಿಗೆಂದೇ ಚಪ್ಪಲಿಗಳ ಒಂದು ಗೂಡು ಇರುತ್ತದೆ. ಮನೆಯೊಳಗೆ ಚಪ್ಪಲಿ ಹಾಕಲು ನನಗೆ ಮನಸ್ಸು ಬಾರದು, ಬರಿಗಾಲಿನಲ್ಲಿ ನಡೆದರೆ ಅವಳಿಗೆ ಗಾಬರಿ. ಹಗಲು ಅವಳ ಮಾತು ಕೇಳುವುದು, ಬೆಳಗಿನ ಪೂಜೆಯಾಗುವ ತನಕ ನನ್ನ ಹಟ ಎಂದು ರಾಜಿಯಾಯಿತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿದ್ದ ಲಿಂಗದ ಪೂಜೆಗೆ ಎರಡು ಹೂವು ಬೇಕೆಂದು ಹಿತ್ತಲಿಗೆ ಹೋದೆ. ಯಾನಾಳ ಹಿತ್ತಲಲ್ಲಿ ಬರೀ ಆಲೂಗಡ್ಡೆ. ಪಕ್ಕದ ಮನೆಯ ಬೇಲಿಯ ತುಂಬ ಡೇರೆ ಹೂವು, ಕೆಂಪು, ಹಳದಿ. ನಮ್ಮಲ್ಲಿ ಬೆಳಗಿನ ಜಾವ ಪಕ್ಕದವರ ಬೇಲಿಯಿಂದ ಪೂಜೆಗೆ ಹೂವು ಕೀಳುವುದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ನಾನು ಸೆರಗಿನ ತುಂಬ ಕಿತ್ತುಕೊಂಡೆ. ತಲೆಯೆತ್ತಿದರೆ ಕಿಟಕಿಯಲ್ಲಿ ಒಬ್ಬ ಮುದುಕಿ. ಆಕೆ ಏನು ಹೇಳಿದರೋ ಭಾಷೆ ಗೊತ್ತಿಲ್ಲ. ಅರ್ಥವಾಗದೇ ಇರುವಂಥ ಮಾತಂತೂ ಆಗಿರಲಿಲ್ಲ.

ಯಾನಾ ರಾತ್ರಿ ಬಟ್ಟೆಯಲ್ಲೇ ಓಡಿ ಬಂದಳು. ಇಬ್ಬರ ನಡುವೆ ಬಹಳ ಮಾತಾಯಿತು. ಯಾನಾ ನನ್ನ ಕಡೆ ತಿರುಗಿ, “ಆ ಹೂವುಗಳನ್ನು ವರ್ಷವಿಡೀ ಬೆಳೆಸಿ ಪಕ್ಕದ ಪಟ್ಟಣದ ಪ್ರದರ್ಶನಕ್ಕೆ ಒಯ್ಯುತ್ತಾಳೆ. ಈ ವರ್ಷದ್ದು ಬರುವ ವಾರ” ಎಂದಳು.

ನಾನು ಭೂಮಿಗೆ ಇಳಿದುಹೋದೆ. ಹೂವು ಯಾಕೆ ಕಿತ್ತೆ ಎಂದು ಕೇಳಿಸಿದರು. ದೇವರಿಗೆ ಎಂದೆ. ಮುದುಕಿ ಮತ್ತೇನೋ ಹೇಳಿ ಕಿಟಕಿ ಮುಚ್ಚಿದರು.

“ಏನಂದರು?”

“ನಿಮ್ಮ ದೇವರಿಗೆ ಸಣ್ಣ ಹೂವು ಆಗುವುದಿಲ್ಲವಾ ಕೇಳು ಅಂದಳು.”

ಅದಾದ ಮೇಲೆ ಪ್ರತಿ ಬೆಳಿಗ್ಗೆ ಬೇಲಿಯ ಗೂಟದ ಮೇಲೆ ಒಂದು ಲೋಟದಲ್ಲಿ ಸಣ್ಣ ಹೂವುಗಳು ಇರುತ್ತಿದ್ದವು. ಆಕೆಯ ಹೆಸರು ಮಿಲಾಡಾ. ನನ್ನ ಬಾಯಲ್ಲಿ ಎರಡೇ ದಿನಕ್ಕೆ ಮಿಲಾಡಮ್ಮ ಆದರು.

ಸಿನಿಮಾದ ಮನೆಯನ್ನು ಆ ವಾರವೇ ನೋಡಿದೆವು. ಗುರುತು ಸಿಕ್ಕಿತು. ಗೋಡೆಗೆ ಹೊಸ ಬಣ್ಣ, ಹೊಸ ಹೆಂಚು. ಆ ತೊಟ್ಟಿ ಅಂಗಳದಲ್ಲಿತ್ತು, ಅದರಲ್ಲಿ ಯಾವುದೋ ಬಳ್ಳಿ ಹಬ್ಬಿಸಿದ್ದರು. ಮನೆಗೆ ಬೀಗ. ಪ್ರಾಗ್‌ನ ಹಲ್ಲಿನ ಡಾಕ್ಟರೊಬ್ಬರು ಕೊಂಡಿದ್ದಾರಂತೆ. ಇಷ್ಟು ದೂರ ಬಂದು ನಾನು ಬೇಲಿಯ ಆಚೆಯಿಂದ ಒಂದು ಬೀಗ ನೋಡಿದೆ. ಜೊತೆಗೆ ಬಂದಿದ್ದ ಮಿಲಾಡಮ್ಮ ಹೇಳಿದ್ದನ್ನು ಯಾನಾ ನನಗೆ ದಾಟಿಸಿದಳು: “ಶುಕ್ರವಾರ ಬರುತ್ತಾರೆ, ಭಾನುವಾರ ಹೋಗುತ್ತಾರೆ. ಅದು ಮನೆಯಲ್ಲ, ರಜೆ.”

ಬೆಂಕಿ ಆರಿಸುವವರ ಮನೆ

ಆ ಊರಿನಲ್ಲಿ ವರ್ಷಕ್ಕೊಮ್ಮೆ ಬೇಸಿಗೆ ಮುಗಿಯುವಾಗ ಆ ಸಿನಿಮಾವನ್ನು ಕೆರೆಯ ದಂಡೆಯಲ್ಲಿ ಪರದೆ ಕಟ್ಟಿ ತೋರಿಸುತ್ತಾರೆ. ನನ್ನನ್ನು ಆ ಹೊತ್ತಿಗೇ ಕರೆಸಿಕೊಂಡಿದ್ದಳು ಯಾನಾ. ಅವತ್ತು ಮಳೆ. ಹಾಗಾಗಿ ಮಧ್ಯಾಹ್ನವೇ ಬೆಂಕಿ ಆರಿಸುವವರ ಶೆಡ್ಡಿನಲ್ಲಿ ಇಟ್ಟುಕೊಂಡರು. ಅಲ್ಲಿ ಪ್ರತಿ ಹಳ್ಳಿಯಲ್ಲೂ ಊರಿನ ಜನರೇ ಸೇರಿ ಬೆಂಕಿ ಆರಿಸುವ ಪಡೆ ಮಾಡಿಕೊಂಡಿರುತ್ತಾರೆ. ಕೆಂಪು ಗಾಡಿಯನ್ನು ಮಳೆಯಲ್ಲಿ ನಿಲ್ಲಿಸಿ, ಅದರ ಜಾಗದಲ್ಲಿ ಬೆಂಚು ಹಾಕಿದರು. ಹೆಂಗಸರು ಮನೆಯಿಂದ ತಿಂಡಿ ತಂದಿದ್ದರು. ನನಗೆಂದು ಮಿಲಾಡಮ್ಮ ತಂದದ್ದು ಹಣ್ಣಿನ ಕಡುಬು. ಅವರು ಅದಕ್ಕೆ ಬೇರೆ ಹೆಸರು ಹೇಳಿದರು, ನಾನು ತಿಂದದ್ದು ಕಡುಬೇ. ಹಿಟ್ಟಿನೊಳಗೆ ಹುಳಿಸಿಹಿ ಹಣ್ಣಿಟ್ಟು ಬೇಯಿಸಿ, ಮೇಲೆ ಬೆಣ್ಣೆ ಕರಗಿಸಿ ಸುರಿದು ಸಕ್ಕರೆ ಉದುರಿಸಿದ್ದರು.

ಊರಿನವರಿಗೆ ಆ ಸಿನಿಮಾ ಬಾಯಿಪಾಠ. ಪಾತ್ರಗಳಿಗಿಂತ ಮೊದಲೇ ಮಾತು ಹೇಳುತ್ತಾರೆ, ತಮಾಷೆಗಿಂತ ಮೊದಲೇ ನಗುತ್ತಾರೆ. ಒಂದು ಕಡೆ ಹೆಬ್ಬಾತಿನ ಹಿಂದೆ ಓಡುವ ಹುಡುಗಿ ಬಂದಾಗ ಎಲ್ಲರೂ ಹಿಂದೆ ತಿರುಗಿ ಚಪ್ಪಾಳೆ ತಟ್ಟಿದರು. ಅದು ಮಿಲಾಡಮ್ಮ! ಆಕೆ ಎದ್ದು ನಿಂತು, ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದು, ರಾಣಿಯ ಹಾಗೆ ಬೀಸಿದರು. ಎಡಗೈಗೆ ಬಲವಿಲ್ಲ ಎಂಬುದನ್ನು ನಾನು ಗಮನಿಸಿದ್ದು ಆಗ.

ತೊಟ್ಟಿ ಸಿಕ್ಕಿಕೊಂಡಿತು. ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಆ ಹೆಂಡತಿ ಪೆಟ್ಟಿಗೆ ಹಿಡಿದು ಬಂದಳು. ನನ್ನ ಮೊಣಕೈಯನ್ನು ಯಾರೂ ತಿವಿಯಲಿಲ್ಲ. ನಗುತ್ತಿದ್ದವಳಿಗೆ ಅಳು ಬಂದುಬಿಟ್ಟಿತು. ತಡೆಯಲಾಗಲಿಲ್ಲ. ನಮ್ಮಲ್ಲಾಗಿದ್ದರೆ ನಾಲ್ಕು ಜನ ಸುತ್ತುವರಿದು ನೀರು ಕುಡಿಸುತ್ತಿದ್ದರು. ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ಮಿಲಾಡಮ್ಮ ಮಾತ್ರ ಬೆಂಚಿನ ಮೇಲೆ ಸ್ವಲ್ಪ ಸರಿದು ನನಗೆ ತಾಗಿ ಕುಳಿತರು, ಸಿನಿಮಾ ನೋಡುತ್ತಲೇ.

ಕೊನೆಯಲ್ಲಿ ಬಸ್ಸು ಬರುತ್ತದೆ. ಚಾಲಕ ಬಾಗಿಲು ತೆರೆದು ಕಾಯುತ್ತಾನೆ. ಹೆಂಡತಿ, ಸ್ವಲ್ಪ ನಿಲ್ಲು, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಮನೆಗೆ ಓಡುತ್ತಾಳೆ. ಬಸ್ಸು ಕಾಯುತ್ತದೆ, ಕಾಯುತ್ತದೆ, ಹೋಗುತ್ತದೆ. ಮೊದಲ ಸಲ ನೋಡಿದಾಗ ನನಗೆ ಅದು ತಮಾಷೆ ಎನಿಸಿತ್ತು. ಈ ಸಲ, ಗಂಡ ಇದ್ದಾನಲ್ಲ, ಅವಳಿಗೇನು, ಉಳಿಯಬಹುದು ಎನಿಸಿತು.

ಕಾಡಿನ ಅಂಚು

ಮಳೆ ಬಿಟ್ಟ ಮರುದಿನ ಆ ದೇಶದವರೆಲ್ಲ ಕಾಡಿಗೆ ಹೋಗುತ್ತಾರೆ. ಉತ್ಪ್ರೇಕ್ಷೆಯಲ್ಲ. ಡಾಕ್ಟರು, ಗುಮಾಸ್ತರು, ಅಜ್ಜಿ, ಮೊಮ್ಮಗಳು, ಎಲ್ಲರ ಕೈಯಲ್ಲೂ ಬೆತ್ತದ ಬುಟ್ಟಿ, ಸಣ್ಣ ಚಾಕು. ಅಣಬೆ ಕೀಳಲು. ಯಾವ ಮರದ ಬುಡದಲ್ಲಿ ಸಿಗುತ್ತದೆ ಎಂಬುದನ್ನು ಸ್ವಂತ ತಂಗಿಗೂ ಹೇಳುವುದಿಲ್ಲವಂತೆ. ನಮ್ಮಲ್ಲೂ ಗುಡುಗಿದ ಮೇಲೆ ಹುತ್ತದ ಬಳಿ ಏಳುವ ಅಣಬೆಯ ಜಾಗವನ್ನು ಜನ ಹೀಗೇ ಮುಚ್ಚಿಡುತ್ತಾರೆ ಎಂದೆ. ಯಾನಾ, “ಸರಿ ಹಾಗಾದರೆ, ನಿನಗೆ ಹೇಳಿಕೊಡಬೇಕಾದ್ದೇನೂ ಇಲ್ಲ, ನಡಿ” ಎಂದು ಬುಟ್ಟಿ ತೆಗೆದಳು.

ಕಾಡಿನ ಅಂಚಿನವರೆಗೆ ಹೋದೆ. ಅಲ್ಲಿ ಒಂದು ಮರದ ಬೆಂಚು ಇತ್ತು. ಅದರ ಮುಂದೆ ದಾರಿ ಮರಗಳೊಳಗೆ ನುಗ್ಗುತ್ತಿತ್ತು. ಕೆಳಗೆ ಒದ್ದೆ ಎಲೆ. ಯಾನಾ ತನ್ನ ಕಾಲುಚೀಲವನ್ನು ಪ್ಯಾಂಟಿನ ಮೇಲಕ್ಕೆ ಎಳೆದುಕೊಳ್ಳುತ್ತಾ, ಸಹಜವಾಗಿ, “ಇಲ್ಲಿ ಉಣುಗು ಇರುತ್ತವೆ, ನಿನ್ನದೂ ಎಳೆದುಕೋ” ಎಂದಳು.

ನಾನು ಬೆಂಚಿನ ಮೇಲೆ ಕುಳಿತೆ. “ನೀವು ಹೋಗಿ ಬನ್ನಿ, ನಾನು ಇಲ್ಲಿರುತ್ತೇನೆ” ಎಂದೆ. ಯಾನಾಳಿಗೆ ಆಗ ಹೊಳೆಯಿತು. ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಳು. ನಮ್ಮವರು ಜ್ವರದಿಂದ ಹೋದರೆಂದು ಅವಳಿಗೆ ಹೇಳಿದ್ದೆ. ಯಾವ ಜ್ವರ ಎಂದು ಹೇಳಿರಲಿಲ್ಲ. ಮಂಗನ ಕಾಯಿಲೆಗೆ ಡಾಕ್ಟರುಗಳು ಇಟ್ಟಿರುವುದು ಕ್ಯಾಸನೂರಿನ ಹೆಸರನ್ನೇ, ಆ ಹೆಸರು ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ ಓದಿದಳು. ಆಮೇಲೆ ತೆರೆಯನ್ನು ನನ್ನ ಕಡೆ ತಿರುಗಿಸಿದಳು. ಆ ದೂರದ ದೇಶದ ಭಾಷೆಯಲ್ಲಿ, ನಡುವೆ ನಮ್ಮ ಕ್ಯಾಸನೂರಿನ ಹೆಸರು. ಅವರ ಕಾಡಿನಲ್ಲೂ ಉಣುಗಿನಿಂದ ಒಂದು ಜ್ವರ ಬರುತ್ತದಂತೆ, ಮೆದುಳಿಗೆ ಏರುವಂಥದ್ದು. ನಮ್ಮದೂ ಅವರದೂ ಒಂದೇ ಮನೆತನದ ಕಾಯಿಲೆಗಳು, ದಾಯಾದಿಗಳಿದ್ದ ಹಾಗೆ.

ಮಿಲಾಡಮ್ಮ ಏನೆಂದು ಕೇಳಿದರು. ಯಾನಾ ಹೇಳಿದಳು. ಮುದುಕಿ ನನ್ನ ಪಕ್ಕ ಬಂದು ಕುಳಿತು ಎಡಗೈಯನ್ನು ನನ್ನ ಮಡಿಲಲ್ಲಿ ಇಟ್ಟರು. ಇಟ್ಟರು ಎಂದರೆ ಬಲಗೈಯಿಂದ ಎತ್ತಿ ಇಟ್ಟರು. ಆ ಜ್ವರ ಅವರಿಗೂ ಬಂದಿತ್ತಂತೆ. ಬದುಕಿದರು, ಕೈ ಉಳಿಯಲಿಲ್ಲ.

“ಕಾಡು ಕಂಡರೆ ಸಿಟ್ಟು ಬರುವುದಿಲ್ಲವಾ ಕೇಳು” ಎಂದೆ ಯಾನಾಳಿಗೆ.

ಉತ್ತರ ಬಂತು: “ಎರಡು ವರ್ಷ ಬಂತು. ಕಿಟಕಿಯಿಂದ ಬೈಯುತ್ತಿದ್ದೆ. ಅದಕ್ಕೆ ಕಿವಿ ಇಲ್ಲ.”

ಅದಾದ ಮೇಲೆ ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಎದ್ದು ನಿಂತು ಚಾಕು ತೆಗೆದುಕೊಂಡರು. ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆ ದೂಡಿದರು.

“ಒಂದು ಕೈಯಲ್ಲಿ ಚಾಕು ಹಿಡಿದರೆ ಬುಟ್ಟಿ ಹಿಡಿಯುವವರು ಬೇಕು. ನನ್ನ ಸೊಸೆ ಪಟ್ಟಣದಿಂದ ಬಂದಾಗ ಮಾತ್ರ ಆಗುತ್ತದೆ. ಯಾನಾ ಹಿಡಿದರೆ ನನ್ನ ಜಾಗಗಳನ್ನೆಲ್ಲ ನೋಡಿಬಿಡುತ್ತಾಳೆ. ನೀನಾದರೆ ಇನ್ನು ಹತ್ತು ದಿನಕ್ಕೆ ನಿನ್ನ ದೇಶಕ್ಕೆ ಹೋಗುತ್ತೀಯ” ಎಂದರು. ಇದನ್ನು ನನಗೆ ಹೇಳುವಾಗ ಯಾನಾಳ ಮುಖ ನೋಡಬೇಕಿತ್ತು.

ಧೈರ್ಯ ಹೇಳಿದ್ದರೆ ನಾನು ಏಳುತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಧೈರ್ಯ ಹೇಳಿದ್ದರು. ಕೆಲಸ ಹೇಳಿದವರು ಯಾರೂ ಇರಲಿಲ್ಲ. ವಯಸ್ಸಾದವರೊಬ್ಬರು ಕೈ ಸಾಲದೆ ನಿಂತಿದ್ದಾರೆ, ಬುಟ್ಟಿ ನನ್ನ ಕಾಲ ಬಳಿ ಇದೆ. ನಾನು ಸೀರೆ ಎತ್ತಿ ಕಟ್ಟಿ, ಯಾನಾಳ ಉದ್ದನೆಯ ಕಾಲುಚೀಲ ಏರಿಸಿಕೊಂಡು, ಬುಟ್ಟಿ ಎತ್ತಿಕೊಂಡೆ.

ಒಳಗೆ ತಂಪಿತ್ತು. ನಾನು ಮೊದಲು ನೆಲವನ್ನೇ ನೋಡುತ್ತಾ ನಡೆದೆ, ಹೆಜ್ಜೆ ಹೆಜ್ಜೆಗೂ. ಮಿಲಾಡಮ್ಮನೂ ನೆಲವನ್ನೇ ನೋಡುತ್ತಿದ್ದರು, ಬೇರೆ ಕಾರಣಕ್ಕೆ. ಒಂದು ಕಡೆ ಮಂಡಿಯೂರಿ, ಪಾಚಿ ಸರಿಸಿ, ಕಂದು ಟೋಪಿಯ ದಪ್ಪ ಅಣಬೆಯೊಂದನ್ನು ಬುಡದಲ್ಲಿ ಕತ್ತರಿಸಿದರು. ಮಣ್ಣನ್ನು ಅಲ್ಲೇ ಕೆರೆದು, ಮೂಸಿ, ನನ್ನ ಮೂಗಿಗೂ ಹಿಡಿದರು. ಮೊದಲ ಮಳೆಯ ಮರುದಿನ ಅಂಜನಾಪುರದ ಗದ್ದೆಯ ಬದುವಿನ ವಾಸನೆ. ಕಾಡು ನಮ್ಮವರನ್ನು ಒಯ್ದದ್ದನ್ನು ನಾನು ಮರೆಯಲಿಲ್ಲ. ಆದರೆ ಅವರು ದಿನಾ ಸಂಜೆ ಎಲೆಯ ಹೊರೆ ಇಳಿಸಿ, “ಎಷ್ಟು ತಂಪು ಗೊತ್ತೇನೇ ಅಲ್ಲಿ, ನೀನೂ ಬಾರೇ” ಎನ್ನುತ್ತಿದ್ದದ್ದು ಆವತ್ತು ಮೊದಲ ಸಲ ನೆನಪಾಯಿತು. ಅಲ್ಲಿಯವರೆಗೆ ನನಗೆ ನೆನಪಿದ್ದದ್ದು ಆಸ್ಪತ್ರೆ ಒಂದೇ.

ಬುಟ್ಟಿ ತುಂಬಿತು. ಭಾರವಿತ್ತು. ಬೇರೆ ದಾರಿಯಲ್ಲಿ ಹೋಗಿದ್ದ ಯಾನಾ ಬೆಂಚಿನ ಬಳಿ ಸಿಕ್ಕಿ, ಬದಲಾಯಿಸಲು ಕೈ ಚಾಚಿದಾಗ ಮಿಲಾಡಮ್ಮ ಬೇಡ ಎಂದು ತಲೆಯಾಡಿಸಿದರು.

ಬಚ್ಚಲುಮನೆ

ಕಾಡಿನಿಂದ ಬಂದವರು ಅಡುಗೆಮನೆಗೆ ಹೋಗುವಂತಿಲ್ಲ. ಇದು ಅವರ ಮನೆಗಳ ಕಟ್ಟುನಿಟ್ಟು. ಮೊದಲು ಬಚ್ಚಲುಮನೆ. ಬಟ್ಟೆ ಬಿಚ್ಚಿ ಕೊಡವಿ, ಒಬ್ಬರನ್ನೊಬ್ಬರು ದೀಪದ ಬೆಳಕಿನಲ್ಲಿ ನೋಡಬೇಕು. ಮೊಣಕಾಲಿನ ಹಿಂದೆ, ಕಂಕುಳು, ಕಿವಿಯ ಹಿಂದೆ, ಕುತ್ತಿಗೆಯ ಕೂದಲಿನ ಅಂಚು. ನನಗೆ ನಾಚಿಕೆ. ಮಿಲಾಡಮ್ಮನಿಗೆ ನಾಚಿಕೆ ಗೀಚಿಕೆ ಏನಿಲ್ಲ, ದನದ ಸಂತೆಯಲ್ಲಿ ಎತ್ತು ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

ಮೊಣಕಾಲಿನ ಹಿಂದೆ ಅವರ ಬೆರಳು ನಿಂತಿತು.

ಯಾನಾ ಚಿಮಟ ತಂದು, ಚರ್ಮಕ್ಕೆ ತಾಗಿಸಿ ಹಿಡಿದು, ಮೆಲ್ಲನೆ ಎಳೆದಳು. ಬಿಳಿಯ ಕಾಗದದ ಮೇಲೆ ಒಂದು ಕಪ್ಪು ಚುಕ್ಕೆ. ಇಷ್ಟೇ. ಇಷ್ಟಕ್ಕೇ. ಔಷಧಿ ಒರೆಸಿ, ಕಚ್ಚಿದ ಜಾಗದ ಸುತ್ತ ಪೆನ್ನಿನಿಂದ ಒಂದು ಉಂಗುರ ಬರೆದಳು. ಅದರಾಚೆ ಕೆಂಪಾದರೆ, ಜ್ವರ ಬಂದರೆ ಕೂಡಲೇ ಡಾಕ್ಟರು. ಇಲ್ಲವಾದರೆ ಏನಿಲ್ಲ. ಹೆಚ್ಚಿನವುಗಳಲ್ಲಿ ಏನೂ ಇರುವುದಿಲ್ಲ ಎಂದಳು.

“ಹೆದರಬೇಡ ಅನ್ನುವುದಿಲ್ಲ” ಎಂದರು ಮಿಲಾಡಮ್ಮ. “ನಾನೂ ಹೆದರುತ್ತೇನೆ. ಅದಕ್ಕೇ ನೋಡುವುದು.” ಆಮೇಲೆ ತಮ್ಮ ಬೆನ್ನು ತಿರುಗಿಸಿ ನಿಂತರು. ಈಗ ನಾನು ಅವರನ್ನು ನೋಡಬೇಕಿತ್ತು. ಒಂಟಿಯಾಗಿರುವ ಅವರಿಗೆ ತಮ್ಮ ಬೆನ್ನು ಕಾಣುವುದಿಲ್ಲವಲ್ಲ, ಬೇರೆ ದಿನ ಯಾರು ನೋಡುತ್ತಾರೆ ಎಂದು ಕೇಳಿದೆ. ಯಾನಾ, “ನಾನು. ಇಪ್ಪತ್ತು ವರ್ಷದಿಂದ. ಜಗಳವಾಡಿದ ದಿನವೂ” ಎಂದಳು.

ಆ ಸಂಜೆ ಅಣಬೆ ಹಾಕಿದ ಆಲೂಗಡ್ಡೆ ಸಾರು ಕುಡಿದೆವು. ಉಳಿದದ್ದನ್ನು ಹೆಚ್ಚಿ ಒಲೆಯ ಮೇಲೆ ದಾರಕ್ಕೆ ಪೋಣಿಸಿ ಕಟ್ಟಿದೆವು. ಪೋಣಿಸಿದ್ದು ನಾನು. ಹೊಲಿಗೆಯವಳ ಕೈ ನೋಡಿ ಮಿಲಾಡಮ್ಮ ಮೊದಲ ಸಲ ನನ್ನನ್ನು ಹೊಗಳಿದರು. ಉಂಗುರದಾಚೆ ಕೆಂಪಾಗಲಿಲ್ಲ. ಜ್ವರ ಬರಲಿಲ್ಲ. ಉಳಿದ ದಿನಗಳಲ್ಲಿ ಮಳೆ ಬಿಟ್ಟಾಗಲೆಲ್ಲ ನಾನು ಬುಟ್ಟಿ ಹಿಡಿದೆ. ಆಕೆಯ ಗುಟ್ಟಿನ ಜಾಗಗಳೆಲ್ಲ ನನಗೀಗ ಗೊತ್ತು, ಯಾರಿಗೂ ಹೇಳುವುದಿಲ್ಲ.

ಸೊರಬ

ಬಂದ ಮೇಲೆ ಅಕ್ಕನಿಗೆ ಹೇಳಬೇಕಾದ ಮಾತು ಹೇಳಿದೆ: ಮನೆ ಕೊಡುವುದಿಲ್ಲ, ಅಲ್ಲೇ ಹೋಗಿ ಇರುತ್ತೇನೆ. “ತಲಿ ಕೆಟ್ಟೈತೇನೇ ನಿಂಗೆ?” ಎಂದು ಬೈದಳು, ಅತ್ತಳು, ಆಮೇಲೆ ತಾನೇ ಪೊರಕೆ ಹಿಡಿದುಕೊಂಡು ಬಂದು ಒಂದು ವಾರ ಇದ್ದು ಮನೆಯ ಬೂಷ್ಟು ತೊಳೆದುಕೊಟ್ಟು ಹೋದಳು.

ಧೈರ್ಯವಂತೆಯಾಗಿ ಬಂದೆ ಎಂದು ಯಾರೂ ತಿಳಿಯಬಾರದು. ಸಂಕ್ರಾಂತಿ ಕಳೆದು ಎಲೆ ಉದುರುವ ಕಾಲ ಬಂದಾಗ ನಿದ್ದೆ ಹತ್ತದ ದಿನಗಳಿದ್ದವು. ಆರೋಗ್ಯ ಕೇಂದ್ರದ ಹುಡುಗಿ ಎಣ್ಣೆಯ ಬಾಟಲಿ ಕೊಟ್ಟು, ಸುತ್ತಮುತ್ತ ಮಂಗ ಸತ್ತಿರುವ ಸುದ್ದಿ ಇಲ್ಲ, ಆದರೂ ಹುಷಾರು ಎಂದಳು. ದನಕ್ಕೆ ಹಾಸಲು ಎಲೆ ಬೇಕೇ ಬೇಕು. ಬಂಗಾರಮ್ಮ ತಾನೊಬ್ಬಳೇ ತರುತ್ತೇನೆ, ನೀವು ಬರಬೇಡಿ ಎಂದಳು. ನಾನು ನಮ್ಮವರ ಹಳೆಯ ಪ್ಯಾಂಟು ಹಾಕಿ, ಎಣ್ಣೆ ಹಚ್ಚಿ, ಕಾಲುಚೀಲ ಮೇಲಕ್ಕೆಳೆದುಕೊಂಡು ಅವಳ ಜೊತೆ ಹೊರಟೆ. ದಾರಿಯುದ್ದಕ್ಕೂ ನನ್ನ ವೇಷ ನೋಡಿ ನಕ್ಕಳು. ಅಂಚಿನಲ್ಲೇ ಇದ್ದು, ಬೇಗ ಬೇಗ ಗುಡಿಸಿ, ಹೊರೆ ಕಟ್ಟಿ ಬಂದೆವು.

ಮನೆಯೊಳಗೆ ಹೊರಟವಳನ್ನು ತೋಳು ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದೆ.

“ಎಂತ ಮಾರಾಯ್ತಿ ಇದು? ಈ ವಯಸ್ಸಲ್ಲಿ ನನ್ ಸೀರೆ ಬಿಚ್ಸ್ತೀರಲ್ಲ ಶಾರದಕ್ಕ!”

“ಸುಮ್ನೆ ತಿರುಗಿ ನಿಂತ್ಕೋ.”

ಮೊಣಕಾಲಿನ ಹಿಂದೆ ನೋಡಿದೆ, ಕಂಕುಳು ನೋಡಿದೆ, ಕಿವಿಯ ಹಿಂದೆ ನೋಡಿದೆ. ಏನೂ ಇರಲಿಲ್ಲ. ಆಮೇಲೆ ನಾನು ಬೆನ್ನು ತಿರುಗಿಸಿ ಕುಕ್ಕರುಗಾಲಿನಲ್ಲಿ ಕುಳಿತೆ. ಬಂಗಾರಮ್ಮನ ಒರಟು ಬೆರಳುಗಳು ನನ್ನ ಕುತ್ತಿಗೆಯ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿದವು.

“ಮಂಗ ಮಂಗನ ಹೇನು ನೋಡಿದಂಗೆ ಆತಲ ನಮ್ ಕಥೆ” ಎಂದು ಅವಳು ನಕ್ಕಳು. ನನಗೂ ನಗು ಬಂತು. ಬಹಳ ಹೊತ್ತು ಇಬ್ಬರೂ ನಕ್ಕೆವು.

“ಎಂತದೂ ಇಲ್ಲ ಅಕ್ಕ. ಬರೀ ಬಿಳಿ ಕೂದಲು.”

“ಅದು ಇರಲಿ ಬಿಡು” ಎಂದೆ. “ಇನ್ನೊಂದ್ಸಲ ನೋಡು.”